ಹಂಚಿನ ಮೇಲಿನ 1865

ಪುತ್ತೂರಿನ ಹತ್ತಿರ ಇರುವ ನಮ್ಮ ತೋಟದ ಮನೆ 1865ರಲ್ಲಿ ಕಟ್ಟಿದ್ದು ಅಂತಲೇ ಮನೆಯವರೆಲ್ಲ ನಂಬಿದ್ದರು. ಹಂಚಿನಲ್ಲೇ ಆ ವರ್ಷ ಅಚ್ಚಾಗಿದೆಯಲ್ಲ! ದುರಸ್ತಿಗೆ ಅಂತ ಚಾವಡಿಯ (ಮುಂದಿನ ಪಡಸಾಲೆಯ) ಮಾಡು, ಅಂದರೆ ಛಾವಣಿ, ಬಿಚ್ಚಿದ ದಿನ ಒಂದು ಹಂಚನ್ನು ತೊಳೆದು ಓದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಸರು, ಜೊತೆಗೆ 1865. ಅದು ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ನಮ್ಮ ಮನೆಯದ್ದಲ್ಲ.

ಅಡುಗೆಕೋಣೆಯ ಹಂಚುಗಳಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಅಂತ ಇತ್ತು. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತ್ತು. ಆಮೇಲೆ ಅವು ಈ ಟ್ರಸ್ಟಿನ ಕೈಗೆ ಹೋದವು. ಹಾಗಾದರೆ ಚಾವಡಿಯ ಮಾಡು ಯುದ್ಧಕ್ಕಿಂತ ಮುಂಚಿನದು, ಅಡುಗೆಕೋಣೆಯದ್ದು ನಂತರದ್ದು ಇರಬೇಕು. ತಾನು ಮದುವೆಯಾಗಿ ಬಂದಾಗ ಒಲೆಯ ಮೇಲೆ ಮುಳಿಹುಲ್ಲಿನ ಮಾಡೇ ಇತ್ತು ಅಂತ ಅಜ್ಜಿ ಹೇಳುತ್ತಿದ್ದ ಮಾತು ಆಗ ನನಗೆ ಸರಿಯಾಗಿ ಹೊಂದಿಕೊಂಡಿತು.

ಹಂಚು ಆರಿಸುವುದು ಸುಲಭ. ಬೆರಳಿನ ಗಂಟಿನಿಂದ ತಟ್ಟಬೇಕು. ಠಣ್ ಅಂದರೆ ಇಟ್ಟುಕೊಳ್ಳಿ. ಡಬ್ ಅಂದರೆ ಒಳಗೆ ಬಿರುಕಿದೆ. ಮುಕ್ಕಾಲು ಪಾಲು ಹಂಚು ಉಳಿಯಿತು. ಮಾಡನ್ನು ಹೊರುವ ಹಲಸಿನ ಪಕಾಸುಗಳು (ಇಳಿಜಾರು ಮರದ ತೊಲೆಗಳು) ಗೋಡೆಗೆ ತಾಗುವ ತುದಿಯಲ್ಲಿ ಮಾತ್ರ ಕೊಳೆತಿದ್ದವು. ಅಷ್ಟನ್ನೇ ಕತ್ತರಿಸಿ ಹೊಸ ಹಲಸಿನ ತುಂಡು ಜೋಡಿಸಿ ಬೋಲ್ಟ್ ಹಾಕಿದೆವು. ಹಂಚು ಕೂರುವ ಮರದ ಪಟ್ಟಿಗಳನ್ನು, ಅಂದರೆ ರೀಪುಗಳನ್ನು, ಗೆದ್ದಲು ತಿಂದಿತ್ತು, ಎಲ್ಲವೂ ಹೊಸತು.

ಕಷ್ಟವಾದದ್ದು ಗೋಡೆ. 1992ರಲ್ಲಿ ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲಿನ) ಗೋಡೆಗೆ ಸಿಮೆಂಟು ಸಾರಣೆ ಮಾಡಿಸಿದ್ದರು. ಮನೆ ಗಟ್ಟಿಯಾಗಲಿ ಅಂತಲೇ. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ಇದು. ಮುರಕಲ್ಲು ನೆಲದ ನೀರನ್ನು ಹೀರುತ್ತದೆ.

"ನೀರು ಹತ್ತುವುದನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ಲ ಅಣ್ಣ. ಅದಕ್ಕೆ ಹೊರಗೆ ಹೋಗ್ಲಿಕ್ಕೆ ದಾರಿ ಬೇಡ್ವಾ?" ಅಂದರು ಮೇಸ್ತ್ರಿ. ಸಿಮೆಂಟಿನ ಒಂದು ಹಾಳೆ ಎಬ್ಬಿಸಿ ತೋರಿಸಿದರು. ಹಿಂದಿನ ಕಲ್ಲು ಒದ್ದೆ ಬೆಲ್ಲದ ಹಾಗಿತ್ತು. ಉಗುರಿಗೇ ಕಿತ್ತು ಬರುತ್ತಿತ್ತು.

ಸಿಮೆಂಟು ಕೀಳುವಾಗ ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಮೂರನೇ ದಿನ ಒಂದು ಉಳಿ ತಗೊಂಡು ಬಂದು ನನ್ನ ಪಕ್ಕ ಕೂತರು. ಬಾಗಿಲ ಪಕ್ಕದ ಮೂಲೆಯನ್ನು ಅವರೇ ಬಿಡಿಸಿದ್ದು.

ಸುಣ್ಣದ ಸಾರಣೆಗೆ ಚಿಪ್ಪು ಸುಟ್ಟ ಸುಣ್ಣ ತಂದು, ಅರಳಿಸಿ, ಒಂದು ತಿಂಗಳು ನೀರಿನಲ್ಲೇ ಬಿಟ್ಟೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಕಲಸಲು ಬೆಲ್ಲದ ನೀರು. ನಾನು ಆತುರಪಟ್ಟು ಮೊದಲ ಗೋಡೆಯನ್ನು ಮಾರ್ಚ್ ಬಿಸಿಲಿನಲ್ಲಿ ಮಾಡಿಸಿದೆ. ಎರಡೇ ದಿನದಲ್ಲಿ ತುಂಬಾ ಬಿರುಕು ಬಿಟ್ಟಿತು. ಕಿತ್ತು ಹಾಕಿ, ಡಿಸೆಂಬರ್‌ವರೆಗೆ ಕಾದು ಮತ್ತೆ ಶುರು ಮಾಡಿದೆವು. ಈ ಸಲ ತೆಳ್ಳಗೆ ಮೂರು ಸುತ್ತು. ಪ್ರತಿ ಸುತ್ತಿನ ಮೇಲೂ ಒದ್ದೆ ಗೋಣಿ ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ. ಹಳೆ ಮನೆ ಇರುವವರು ಬೇರೆಲ್ಲ ಬಿಟ್ಟರೂ ಈ ಗೋಣಿ ಮಾತ್ರ ಬಿಡಬೇಡಿ.

ಕಳೆದ ಜುಲೈಯಲ್ಲಿ ಚಾವಡಿಯ ಗೋಡೆಗೆ ಅಂಗೈ ಒತ್ತಿ ನೋಡಿದೆ. ತಣ್ಣಗಿತ್ತು, ಒದ್ದೆ ಇರಲಿಲ್ಲ. ಬಚ್ಚಲಿನ ಕಡೆಯ ಗೋಡೆಯ ಸಿಮೆಂಟು ಇನ್ನೂ ಹಾಗೇ ಇದೆ. ಸುಣ್ಣ ಅರಳಿಸಿ ಇಟ್ಟಿದ್ದೇನೆ, ಮಳೆ ಬಿಟ್ಟ ಮೇಲೆ ಕೀಳುವುದು. ಅಪ್ಪನ ಉಳಿ ಅಲ್ಲೇ ಕಿಟಕಿಯ ಮೇಲಿದೆ.