ಟೈರಿಗೆ ನೈಟ್ರೋಜನ್ನಾ ಮಾಮೂಲಿ ಗಾಳಿನಾ, ಘಾಟಿ ಓಡಾಡೋರಿಗೆ

ಶಿರಾಡಿ, ಚಾರ್ಮಾಡಿ ಹತ್ತಿ ಇಳಿಯೋರು ಸುಮಾರು ಜನ ನೈಟ್ರೋಜನ್ ಹಾಕ್ಸಿದ್ರೆ ಪ್ರೆಷರ್ ಏರೋದೂ ಇಲ್ಲ ಇಳಿಯೋದೂ ಇಲ್ಲ ಅಂತ ನಂಬಿರ್ತಾರೆ, ಅದು ಪೂರ್ತಿ ನಿಜ ಅಲ್ಲ. ಮಾಮೂಲಿ ಗಾಳಿಲೇ 78% ನೈಟ್ರೋಜನ್ ಇದೆ, ಕಾದಾಗ ಎರಡೂ ಒಂದೇ ಥರ ಏರ್ತವೆ, ಆರು ಡಿಗ್ರಿಗೆ ಹೆಚ್ಚುಕಮ್ಮಿ 1 ಪಿಎಸ್‌ಐ (ಟೈರ್ ಪ್ರೆಷರ್ ಅಳೆಯೋ ಲೆಕ್ಕ). ಜನವರಿಲಿ ಮೂಡಿಗೆರೆ ಕಡೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸ್ಲಿಗೂ 15 ಡಿಗ್ರಿ ಫರಕ್ ಬಂತು ಅಂದ್ರೆ ಟೈರಲ್ಲಿ ಏನೇ ಇರ್ಲಿ ಎರಡೂವರೆ ಪಿಎಸ್‌ಐ ಆಡುತ್ತೆ.

ನಿಜವಾದ ಕಾಟ ನೀರಿಂದು. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತೆ, ಅಂಗಡಿಯೋರು ಅದನ್ನ ಆಗಾಗ ಬಿಡ್ಲಿಲ್ಲ ಅಂದ್ರೆ ಪೈಪಲ್ಲೇ ಬಂದು ಟೈರ್ ಒಳಗೆ ಸೇರುತ್ತೆ, ಟೈರ್ ಕಾದಾಗ ಆವಿಯಾಗಿ ಪ್ರೆಷರ್ ಇನ್ನೂ ಏರ್ಸುತ್ತೆ, ಸ್ಟೀಲ್ ರಿಮ್ ಆದ್ರೆ ತುಕ್ಕು ಬೇರೆ. ಅದಕ್ಕೆ ಟೈರಿಗೆ ಹಿಡಿಯೋ ಮುಂಚೆ ಒಂದು ಒಣ ಬಟ್ಟೆ ಮೇಲೆ ಗಾಳಿ ಬಿಡ್ಸಿ ನೋಡಿ. ಬಟ್ಟೆ ಒದ್ದೆ ಆಯ್ತಾ, ಬೇರೆ ಬಂಕಿಗೆ ಹೋಗಿ, ಮುಲಾಜು ಬೇಡ.

ನೈಟ್ರೋಜನ್ ವೇಸ್ಟ್ ಅಂತಲ್ಲ. ಅದು ಒಣಗಿರುತ್ತೆ, ರಬ್ಬರಿಂದ ಸೋರೋದೂ ನಿಧಾನ. ಗ್ರಾಹಕರಿಗೋಸ್ಕರ ಸಾಮಾನು ಪರೀಕ್ಷೆ ಮಾಡೋ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ನೋರು ಟೈರ್‌ಗಳನ್ನ ವರ್ಷ ಪೂರ್ತಿ ಇಟ್ಟು ನೋಡಿದಾಗ ಸರಾಸರಿ ಗಾಳಿದು 3.5 ಪಿಎಸ್‌ಐ ಇಳಿದಿತ್ತು, ನೈಟ್ರೋಜನ್ದು 2.2. ತಿಂಗಳುಗಟ್ಲೆ ಕಾರು ಶೆಡ್ಡಲ್ಲೇ ಇದ್ರೆ ಹಾಕ್ಸಿ, ಆದ್ರೆ ಹಳೇ ಗಾಳಿ ಪೂರ್ತಿ ಬಿಟ್ಟು ತುಂಬ್ಸಿ, ಹಳೇದರ ಮೇಲೇ ನಾಲ್ಕು ಪಿಎಸ್‌ಐ ನೈಟ್ರೋಜನ್ ಸೇರ್ಸಿ ಅದರ ಗುರುತಿನ ಹಸಿರು ಕ್ಯಾಪ್ ಹಾಕಿದ್ರೆ ಒಳಗಿರೋದು ಬಹುಪಾಲು ಗಾಳಿನೇ. ದಾರೀಲಿ ಕಮ್ಮಿ ಆದ್ರೆ ಮಾಮೂಲಿ ಗಾಳಿ ಬೆರೆಸ್ಬೋದು, ಏನೂ ಆಗಲ್ಲ.

ಯಾವುದೇ ಹಾಕ್ಸಿ, ಟೈರ್ ತಣ್ಣಗಿರ್ಬೇಕು, ಅಂದ್ರೆ ಗಾಡಿ ಮೂರು ಗಂಟೆ ನಿಂತಿರ್ಬೇಕು ಇಲ್ಲಾ ಒಂದೆರಡು ಕಿಲೋಮೀಟರ್ ಒಳಗೆ ಬಂಕ್ ಇರ್ಬೇಕು. ಎಷ್ಟು ಅನ್ನೋದು ಡ್ರೈವರ್ ಬಾಗಿಲ ಹತ್ರ ಸ್ಟಿಕ್ಕರಲ್ಲಿರುತ್ತೆ, ಟೈರ್ ಮೇಲೆ ಬರೆದಿರೋದು ಮ್ಯಾಕ್ಸಿಮಮ್, ಅದನ್ನ ತುಂಬ್ಸಬೇಡಿ. ಬೆಳಗ್ಗೆ ಮನೇಲೇ ಸ್ವಂತ ಗೇಜಲ್ಲಿ ನೋಡ್ಕೊಂಡು ಹೊರಡೋದು ಎಲ್ಲಕ್ಕಿಂತ ಒಳ್ಳೇದು.

ಘಾಟಿ ವಿಷ್ಯ ಒಂದಿದೆ. ಮಂಗಳೂರಿಂದ ಹಾಸನಕ್ಕೆ ಬಂದ್ರೆ ಸುಮಾರು ಒಂದು ಸಾವಿರ ಮೀಟರ್ ಎತ್ತರ, ಹೊರಗಿನ ಒತ್ತಡ ಕಮ್ಮಿ ಆಗಿ ಗೇಜು ಅಂದಾಜು 1.5 ಪಿಎಸ್‌ಐ ಜಾಸ್ತಿ ತೋರ್ಸುತ್ತೆ, ಹತ್ತಿ ಬಂದ ಕಾವಿಗೆ ಇನ್ನೂ ಮೂರ್ನಾಲ್ಕು ಸೇರುತ್ತೆ. ಗಾಬರಿ ಬಿದ್ದು ಅಲ್ಲೇ ಗಾಳಿ ಬಿಡಬೇಡಿ, ರಾತ್ರಿ ಗಾಡಿ ನಿಲ್ಸಿ ಮಾರನೇ ದಿನ ಬೆಳಗ್ಗೆ ಸರಿಮಾಡಿ, ಸ್ಟೆಪ್ನಿನೂ ಆಗ್ಲೇ ನೋಡ್ಬಿಡಿ.