ಹಾಡಿಯ ಆರೋಗ್ಯಕ್ಕಾಗಿ ಯುವಕ ಯುವತಿಯರ ತಂಡ ಕಟ್ಟುವ ಬಗೆ

ಎಚ್.ಡಿ. ಕೋಟೆ ಮತ್ತು ಹುಣಸೂರಿನ ಜೇನುಕುರುಬ, ಬೆಟ್ಟಕುರುಬ ಹಾಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಕರಾವಳಿಯ ಕೊರಗರ ಕೊಪ್ಪಗಳಲ್ಲಿ, ಹೀಗೆ ಆದಿವಾಸಿಗಳು ನೆಲೆಸಿರುವ ಕೇರಿಗಳಲ್ಲೆಲ್ಲ ಹತ್ತನೆಯ ತರಗತಿ, ಪಿಯುಸಿ, ನರ್ಸಿಂಗ್ ಓದಿದ ಯುವಜನರು ಇಂದು ಕಾಣಸಿಗುತ್ತಾರೆ. ತಮ್ಮ ಜನರ ಆರೋಗ್ಯಕ್ಕಾಗಿ ಏನಾದರೂ ಮಾಡಬೇಕೆಂಬ ಹಂಬಲ ಅವರಲ್ಲಿ ಹಲವರಿಗಿದೆ. ಆದರೆ ಹೊರಗಿನವರು ನಡೆಸುವ ಒಂದು ದಿನದ ಶಿಬಿರಕ್ಕೆ ಶಾಮಿಯಾನ ಹಾಕಿ, ಜನರನ್ನು ಕರೆತಂದು ಸಾಲಿನಲ್ಲಿ ನಿಲ್ಲಿಸುವಲ್ಲಿಗೆ ಆ ಹಂಬಲ ಬಹಳ ಸಲ ನಿಂತುಬಿಡುತ್ತದೆ. ಶಿಬಿರ ಮುಗಿದ ಮರುದಿನವೂ ರೋಗಿ ಹಾಡಿಯಲ್ಲೇ ಇರುತ್ತಾನೆ, ಆತನ ಜೊತೆ ಉಳಿಯುವವರು ಅಲ್ಲಿಯವರೇ. ಆದ್ದರಿಂದ ಕೆಲಸದ ಮುಂದಾಳತ್ವವೂ ಅವರದೇ ಆಗಿರಬೇಕು. ಹೀಗೆ ತಂಡ ಕಟ್ಟಲು ಬಯಸುವ ಆದಿವಾಸಿ ಯುವಜನರನ್ನು ಉದ್ದೇಶಿಸಿ ಈ ಬರಹವಿದೆ.

ಮೊದಲು ಹಿರಿಯರ ಮಾತು

ತಂಡಕ್ಕೆ ಹೆಸರಿಡುವ ಮುನ್ನ ಯಜಮಾನರನ್ನು, ಹೆರಿಗೆ ಮಾಡಿಸಿದ ಅಜ್ಜಿಯರನ್ನು, ನಾಟಿ ಔಷಧಿ ಕೊಡುವವರನ್ನು ಕಂಡು ಮಾತನಾಡಿಸಬೇಕು. ಓದಿದ ಹುಡುಗರು ತಮ್ಮನ್ನು ಬದಿಗೆ ಸರಿಸುತ್ತಿದ್ದಾರೆ ಎಂಬ ಭಾವನೆ ಹಿರಿಯರಲ್ಲಿ ಒಮ್ಮೆ ಮೂಡಿದರೆ, ಎಷ್ಟೇ ಒಳ್ಳೆಯ ಕೆಲಸವೂ ಮನೆಯ ಬಾಗಿಲು ದಾಟುವುದಿಲ್ಲ. ಸಭೆ ಸೇರಿ ತೀರ್ಮಾನಿಸುವ ಶಕ್ತಿ ನಮ್ಮ ಜನರಿಗೆ ಹೊಸದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಹಕ್ಕುಪತ್ರ ಪಡೆದದ್ದು ಪೋಡುಗಳ ಸಭೆಗಳ ಬಲದಿಂದಲೇ. ಅದೇ ಸಭೆಯ ಮುಂದೆ ನಿಮ್ಮ ಯೋಚನೆಯನ್ನಿಟ್ಟು, ಯಾವ ಕಾಯಿಲೆ, ಯಾವ ಕೊರತೆ ಜನರನ್ನು ಹೆಚ್ಚು ಕಾಡುತ್ತಿದೆ ಎಂದು ಕೇಳಿ. ನೀವು ರಕ್ತಹೀನತೆಯ ಬಗ್ಗೆ ಮಾತನಾಡಲು ಹೋಗಿರಬಹುದು, ಅವರು ಕುಡಿಯುವ ನೀರಿನ ಬಗ್ಗೆ ಹೇಳಬಹುದು. ಆಗ ನೀರಿನಿಂದಲೇ ಆರಂಭಿಸುವುದು ಸರಿ.

ಕಾಲವನ್ನೂ ನೋಡಿಕೊಳ್ಳಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಎಷ್ಟೋ ಕುಟುಂಬಗಳು ಕೊಡಗಿನ ತೋಟಗಳಲ್ಲಿ ಕೂಲಿಕಾರರಿಗೆಂದು ಕಟ್ಟಿದ ಲೈನ್ ಮನೆಗಳಲ್ಲಿರುತ್ತವೆ, ಜೇನಿನ ಕಾಲದಲ್ಲಿ ಗಂಡಸರು ಕಾಡಿನಲ್ಲಿರುತ್ತಾರೆ. ಆ ದಿನಗಳಲ್ಲಿ ಸಭೆ ಕರೆದು ಜನ ಬರಲಿಲ್ಲವೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ.

ಒಂದು ಪುಸ್ತಕ, ಕೆಲವೇ ಪ್ರಶ್ನೆಗಳು

ಮನೆಮನೆಗೆ ಹೋಗಿ ಎಲ್ಲವನ್ನೂ ಕೇಳುವ ದೊಡ್ಡ ಸಮೀಕ್ಷೆ ಬೇಡ. ಜನರು ಅಂಥ ಸಮೀಕ್ಷೆಗಳಿಗೆ ಉತ್ತರಿಸಿ ದಣಿದಿದ್ದಾರೆ. ಒಂದು ದಪ್ಪ ನೋಟ್‌ಬುಕ್‌ನಲ್ಲಿ ಪ್ರತಿ ಮನೆಗೂ ಒಂದು ಪುಟ ಮೀಸಲಿಡಿ. ಗರ್ಭಿಣಿ ಇದ್ದರೆ ಆಕೆಯ ತಿಂಗಳು ಮತ್ತು ತಾಯಿ ಕಾರ್ಡ್, ಐದು ವರ್ಷದೊಳಗಿನ ಮಕ್ಕಳ ತೂಕ ಮತ್ತು ಚುಚ್ಚುಮದ್ದು, ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆ ಅಥವಾ ಕ್ಷಯಕ್ಕೆ ಮಾತ್ರೆ ನುಂಗುತ್ತಿರುವವರು ಯಾರು, ಅವರಲ್ಲಿ ಮಾತ್ರೆ ಬಿಟ್ಟವರು ಯಾರು, ಏಕೆ ಬಿಟ್ಟರು ಎಂಬಿಷ್ಟು ಸಾಕು. ಕೊನೆಯ ಪ್ರಶ್ನೆಯ ಉತ್ತರವೇ ಹೆಚ್ಚು ಬೆಲೆಬಾಳುವಂಥದು. ಬಸ್ಸಿಲ್ಲ, ಕೂಲಿ ತಪ್ಪುತ್ತದೆ, ಆಸ್ಪತ್ರೆಯಲ್ಲಿ ಗದರಿದರು, ಮಾತ್ರೆ ತಿಂದರೆ ತಲೆ ಸುತ್ತುತ್ತದೆ: ಇವುಗಳಲ್ಲಿ ಪ್ರತಿಯೊಂದಕ್ಕೂ ಪರಿಹಾರ ಬೇರೆ ಬೇರೆ. ಕಾರಣ ತಿಳಿಯದೆ ಕೊಡುವ ಉಪದೇಶದಿಂದ ಯಾರೂ ಮಾತ್ರೆ ನುಂಗುವುದಿಲ್ಲ. ಈ ಪುಸ್ತಕ ಒಬ್ಬರ ವಶದಲ್ಲಿ, ಬೀಗ ಹಾಕುವ ಪೆಟ್ಟಿಗೆಯಲ್ಲಿರಬೇಕು. ಅದರ ಪುಟಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಕೂಡದು.

ಆಸ್ಪತ್ರೆಗೆ ಜೊತೆಯಾಗಿ ಹೋಗುವುದು

ತಂಡವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನೇ ಆರಿಸಿಕೊಳ್ಳಲಿ. ತಾಲ್ಲೂಕು ಆಸ್ಪತ್ರೆಯ ಚೀಟಿ ಕೌಂಟರ್, ಪ್ರಯೋಗಾಲಯ, ಔಷಧಿ ಕಿಟಕಿ ಯಾವ ಹೊತ್ತಿಗೆ ತೆರೆದು ಯಾವಾಗ ಮುಚ್ಚುತ್ತವೆ ಎಂಬುದನ್ನು ತಂಡದವರು ಮೊದಲೇ ಹೋಗಿ ತಿಳಿದುಕೊಳ್ಳಬೇಕು. ಹೊರಡುವ ಹಿಂದಿನ ಸಂಜೆ ರೋಗಿಯ ಮನೆಗೆ ಹೋಗಿ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್, ಹಳೆಯ ಚೀಟಿಗಳು ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಒಂದೇ ಚೀಲಕ್ಕೆ ಹಾಕಿಡಿ. ಹಿಂದಿರುಗುವ ಬಸ್ಸಿನ ಸಮಯವನ್ನೂ ಕೇಳಿಕೊಂಡಿರಿ, ಏಕೆಂದರೆ ಕತ್ತಲಾದ ಮೇಲೆ ಆನೆ ದಾಟುವ ದಾರಿಯಲ್ಲಿ ನಡೆಯಬೇಕಾಗುತ್ತದೆ ಎಂಬ ಭಯದಿಂದಲೇ ಅನೇಕರು ಪರೀಕ್ಷೆ ಮುಗಿಯುವ ಮೊದಲೇ ಎದ್ದುಬರುತ್ತಾರೆ.

ವೈದ್ಯರ ಮುಂದೆ ಕುಳಿತಾಗ ಒಂದು ಎಚ್ಚರ ಬೇಕು. ಪೇಟೆಯ ಕನ್ನಡವನ್ನು ಸಲೀಸಾಗಿ ಮಾತನಾಡುವ ನಿಮ್ಮತ್ತಲೇ ವೈದ್ಯರು ತಿರುಗುತ್ತಾರೆ, ಪ್ರಶ್ನೆಗಳೆಲ್ಲ ನಿಮಗೇ ಬರುತ್ತವೆ. ಆಗ ತಾವೇ ಉತ್ತರಿಸದೆ, “ಅಜ್ಜಿಯೇ ಹೇಳುತ್ತಾರೆ, ಸರ್” ಎಂದು ಮಾತನ್ನು ರೋಗಿಗೆ ದಾಟಿಸಿ, ಅರ್ಥವಾಗದಲ್ಲಿ ಮಾತ್ರ ಅವರ ನುಡಿಯಲ್ಲಿ ಬಿಡಿಸಿ ಹೇಳಿ. ಹೊರಬಂದ ಮೇಲೆ ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಎಂಬುದನ್ನು ರೋಗಿಯ ಬಾಯಿಂದಲೇ ಹೇಳಿಸಿ. ಓದಲು ಬಾರದವರಿಗೆ ಮಾತ್ರೆಯ ಹಾಳೆಯ ಮೇಲೆ ಸೂರ್ಯ, ಚಂದ್ರನ ಗುರುತು ಹಾಕಿಕೊಟ್ಟರೆ ಗೊಂದಲವಿರುವುದಿಲ್ಲ.

ಕುಡಗೋಲು ಕಣ ಕಾಯಿಲೆಯ ವಿಷಯ

ರಕ್ತದ ಕೆಂಪು ಕಣಗಳು ಕುಡಗೋಲಿನಂತೆ ಬಾಗುವ, ಸಿಕಲ್ ಸೆಲ್ ಎಂದು ಕರೆಯಲಾಗುವ ಕುಡಗೋಲು ಕಣ ರಕ್ತಹೀನತೆಯು ದಕ್ಷಿಣ ಕರ್ನಾಟಕದ ಆದಿವಾಸಿ ಸಮುದಾಯಗಳಲ್ಲೂ ಇದೆ. ಇದರ ನಿರ್ಮೂಲನೆಗೆಂದು ಕೇಂದ್ರ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಹುಟ್ಟಿದ ಮಗುವಿನಿಂದ 40 ವರ್ಷದವರೆಗಿನವರಿಗೆ ತಪಾಸಣೆ ಉಚಿತವಾಗಿದೆ. ಜನರನ್ನು ತಪಾಸಣೆಗೆ ಕರೆತರುವ ಮುನ್ನ ತಂಡದ ಪ್ರತಿಯೊಬ್ಬರೂ ಈ ಕಾಯಿಲೆಯನ್ನು ಸರಿಯಾಗಿ ಅರಿತಿರಬೇಕು. ಇದು ಅಂಟುವ ರೋಗವಲ್ಲ, ಯಾರ ಶಾಪವೂ ಅಲ್ಲ, ತಂದೆ ತಾಯಿಯ ರಕ್ತದಿಂದ ಬರುವಂಥದು. ಇಬ್ಬರಲ್ಲೂ ಕಾಯಿಲೆಯ ವಾಹಕ ಗುಣವಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದನ್ನು ಮಕ್ಕಳಿಗೆ ದಾಟಿಸಬಲ್ಲ ಗುಣವಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 25, ವಾಹಕವಾಗುವ ಸಾಧ್ಯತೆ ಶೇ 50. ಒಬ್ಬರಲ್ಲಿ ಮಾತ್ರ ಆ ಗುಣವಿದ್ದು ಇನ್ನೊಬ್ಬರಲ್ಲಿ ಏನೂ ಇಲ್ಲದಿದ್ದರೆ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ, ವಾಹಕರಾಗಬಹುದು ಅಷ್ಟೆ. ಬೆರಳು ಚುಚ್ಚಿ ಮಾಡುವ ಮೊದಲ ಪರೀಕ್ಷೆಯಲ್ಲಿ ಗುರುತು ಕಂಡರೆ ಖಚಿತಪಡಿಸಲು ಇನ್ನೊಂದು ಪರೀಕ್ಷೆ ಆಗಲೇಬೇಕು. ಅದರ ಫಲಿತಾಂಶ ಬರುವವರೆಗೆ ಯಾರಿಗೂ ಹಣೆಪಟ್ಟಿ ಹಚ್ಚಬಾರದು.

ಫಲಿತಾಂಶದ ಗುಟ್ಟು ಕಾಯುವುದು ಇಲ್ಲಿ ಅತ್ಯಂತ ಮುಖ್ಯ. ವಾಹಕಳೆಂದು ತಿಳಿದ ಹೆಣ್ಣುಮಗಳ ಸಂಬಂಧ ಮುರಿದುಬೀಳಬಹುದು, ಮಗು ಸತ್ತಾಗ ದೋಷವೆಲ್ಲ ತಾಯಿಯ ಮೇಲೆ ಬರಬಹುದು. ಆದ್ದರಿಂದ ಫಲಿತಾಂಶವನ್ನು ಆರೋಗ್ಯ ಸಿಬ್ಬಂದಿ ಆಯಾ ವ್ಯಕ್ತಿಗೆ ಪ್ರತ್ಯೇಕವಾಗಿ ತಿಳಿಸಲಿ. ಮದುವೆಯಾಗುವವರು ಬಯಸಿದರೆ ಆಪ್ತ ಸಮಾಲೋಚನೆಗೆ ಕರೆದೊಯ್ಯುವುದಷ್ಟೇ ನಿಮ್ಮ ಪಾಲು, ಯಾರು ಯಾರನ್ನು ಮದುವೆಯಾಗಬೇಕೆಂದು ಹೇಳುವುದು ನಿಮ್ಮ ಕೆಲಸವಲ್ಲ. ಕಾಯಿಲೆ ಇರುವವರಿಗೆ ನೀರು ಹೆಚ್ಚು ಕುಡಿಯಲು, ಚಳಿಯಲ್ಲಿ ಮೈ ಬೆಚ್ಚಗಿಟ್ಟುಕೊಳ್ಳಲು, ವೈದ್ಯರು ಕೊಟ್ಟ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ತಾವಾಗಿ ನಿಲ್ಲಿಸದಿರಲು ನೆನಪಿಸಿ. ಜ್ವರ, ಎದೆನೋವು, ಉಸಿರಾಟದ ತೊಂದರೆ, ದಿಢೀರನೆ ಮೈ ಬಿಳುಚಿಕೊಳ್ಳುವುದು, ಕೈಕಾಲಿನ ಸ್ವಾಧೀನ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಉಳಿದ ಕಾಯಿಲೆಗಳಲ್ಲಿ ಎರಡನ್ನು ಹೇಳದೆ ಬಿಡುವಂತಿಲ್ಲ. ಎರಡು ವಾರ ದಾಟಿದ ಕೆಮ್ಮಿದ್ದವರ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯವೆಂದು ಖಚಿತವಾದರೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ, ಅದಕ್ಕೆ ಬ್ಯಾಂಕ್ ಖಾತೆ ಮಾಡಿಸುವುದೂ ತಂಡದ ಕೆಲಸವೇ. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ರಕ್ತ ಹೀರುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇರಿಸಿ, ವಿಷಕ್ಕೆ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ಅದು ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ.

ಕುಡಿತ ಮತ್ತು ಮನಸ್ಸು

ಕುಡಿತದ ಬಗ್ಗೆ ಭಾಷಣ ಮಾಡಿದರೆ ಕುಡಿಯುವವರು ದೂರವಾಗುತ್ತಾರೆ. ಅಂಕೋಲಾದ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು ತಮ್ಮ ಸೀಮೆಯಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿದರು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಊರಿನವರೇ ಆಗಿದ್ದು, ಊರಿನ ಹಾಡು ಬಲ್ಲವರಾಗಿದ್ದುದರಿಂದ ಅವರ ಮಾತಿಗೆ ತೂಕವಿತ್ತು. ನಿಮ್ಮ ಹಾಡಿಯಲ್ಲೂ ಹೆಂಗಸರ ಸಂಘ ಮುಂದಿರಲಿ, ಯುವಕರು ಅವರ ಬೆನ್ನಿಗಿರಲಿ. ಕುಡಿತ ಬಿಡಲು ಬಯಸುವವರನ್ನು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ, ಏಕೆಂದರೆ ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಸಾಯುವ ಮಾತನಾಡುವವರನ್ನು ಒಂಟಿಯಾಗಿ ಬಿಡಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ.

ಸರ್ಕಾರದ ಕೆಲಸ ಸರ್ಕಾರದಿಂದಲೇ ಆಗಲಿ

ಸ್ವಯಂಸೇವಕರು ಸಿಕ್ಕರೆಂದು ನರ್ಸಮ್ಮ ಹಾಡಿಗೆ ಬರುವುದನ್ನೇ ನಿಲ್ಲಿಸುವಂತಾಗಬಾರದು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ನಿಮ್ಮ ಜೊತೆಗಾರರು, ಅವರನ್ನು ಮೀರಿ ಹೋಗುವುದು ಬೇಡ. ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೊಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ನಿಯಮ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಹಾಡಿಯ ಪ್ರತಿನಿಧಿ ಇದ್ದಾರೆಯೇ, ಅದರ ಹಣ ಎಲ್ಲಿ ಖರ್ಚಾಗುತ್ತಿದೆ ಎಂದು ಕೇಳುವ ಹಕ್ಕು ನಿಮಗಿದೆ. ಸರ್ಕಾರ ಆದಿವಾಸಿ ಕುಟುಂಬಗಳಿಗೆ ಕೊಡುವ ಪೌಷ್ಟಿಕ ಆಹಾರದ ಕಿಟ್ ಬಂದ ದಿನ ತಂಡದ ಇಬ್ಬರು ನಿಂತು ಮೊಟ್ಟೆ, ಬೇಳೆ, ಎಣ್ಣೆಯನ್ನು ಎಣಿಸಿ, ತೂಗಿ ನೋಡಲಿ. ಕಡಿಮೆ ಬಂದಿದ್ದರೆ ಕೂಗಾಡುವುದಕ್ಕಿಂತ ದಿನಾಂಕ, ಮನೆಗಳ ಸಂಖ್ಯೆ, ಕಡಿಮೆಯಾದ ಪ್ರಮಾಣ ಬರೆದ ಅರ್ಜಿಯನ್ನು ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ (ಐಟಿಡಿಪಿ) ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರುವುದು ಹೆಚ್ಚು ಫಲ ಕೊಡುತ್ತದೆ. ಕಿಟ್‌ನ ಜೊತೆಗೆ ರಾಗಿ, ಕಾಡುಗೆಣಸು, ಸೊಪ್ಪುಗಳ ಊಟ ಮಕ್ಕಳ ತಟ್ಟೆಗೆ ಮರಳುವಂತೆ ಅಜ್ಜಿಯರಿಂದಲೇ ಅಡುಗೆ ಮಾಡಿಸಿ ತೋರಿಸಿ.

ತಂಡ ಉಳಿಯಬೇಕಾದರೆ

ಐದಾರು ಮಂದಿ ಸಾಕು, ಅವರಲ್ಲಿ ಅರ್ಧದಷ್ಟಾದರೂ ಯುವತಿಯರಿರಬೇಕು. ಮುಟ್ಟು, ಬಸಿರು, ಮನೆಯೊಳಗಿನ ಹೊಡೆತದ ಮಾತನ್ನು ಹೆಂಗಸರು ಹುಡುಗರ ಮುಂದೆ ಆಡುವುದಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬುಡಕಟ್ಟು ಯುವತಿಯರಿಗೆ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ತರಬೇತಿ ಕೊಟ್ಟಿತು. ಅಂಥ ತರಬೇತಿಯ ಆಸೆಯಿರುವವರಿಗೆ ಅರ್ಜಿ ತುಂಬಲು ನೆರವಾಗಿ. ಬಸ್ ಚಾರ್ಜು, ಫೋನ್ ಖರ್ಚು ಸ್ವಯಂಸೇವಕರ ಜೇಬಿನಿಂದ ಹೋಗಬಾರದು. ಸಂಘದ ಹಣದಲ್ಲೋ ಪಂಚಾಯಿತಿಯ ನೆರವಿನಲ್ಲೋ ಅದನ್ನು ಮೊದಲೇ ಗೊತ್ತುಮಾಡಿಕೊಂಡು, ಲೆಕ್ಕವನ್ನು ತಿಂಗಳಿಗೊಮ್ಮೆ ಸಭೆಯಲ್ಲಿ ಓದಿ ಹೇಳಬೇಕು. ಕೂಲಿಗೆ ಹೋಗಲೇಬೇಕಾದವನು ವಾರಕ್ಕೆ ಒಂದು ಸಂಜೆ ಮಾತ್ರ ಕೊಡುತ್ತೇನೆಂದರೆ ಅಷ್ಟನ್ನೇ ಒಪ್ಪಿಕೊಳ್ಳಿ.

ತಂಡದಲ್ಲಿರುವವರು ಓದಿಗೆ, ಕೆಲಸಕ್ಕೆ, ಮದುವೆಯಾಗಿ ಬೇರೆ ಹಾಡಿಗೆ ಹೋಗುವುದು ಸಹಜ. ಹೋಗುವವರು ತಮ್ಮ ಪಾಲಿನ ಮನೆಗಳಿಗೆಲ್ಲ ಹೊಸಬರನ್ನು ಒಮ್ಮೆ ಕರೆದೊಯ್ದು ಪರಿಚಯಿಸಲಿ, ಮಾತ್ರೆ ನುಂಗುತ್ತಿರುವವರು ಯಾರೆಂದು ಅವರವರ ಒಪ್ಪಿಗೆ ಪಡೆದು ತಿಳಿಸಲಿ. ಬಳಿಕ ನೋಟ್‌ಬುಕ್ ಮತ್ತು ಪೆಟ್ಟಿಗೆಯ ಕೀಲಿಯನ್ನು ಯಜಮಾನರ ಎದುರಿನಲ್ಲಿ ಒಪ್ಪಿಸಲಿ.