ಕರೆಯುವ ಯಂತ್ರದ ಎಣ್ಣೆ ಹಾಲಿಗೆ ಸೇರದಂತೆ ತಡೆಯುವುದು ಹೇಗೆ?

ಉಡುಪಿ, ಮಂಗಳೂರು ಕಡೆಯ ಸಣ್ಣ ಹಟ್ಟಿಗಳಿಗೂ ಹಾಲು ಕರೆಯುವ ಯಂತ್ರ ಬಂದಿದೆ. ಗಾಳಿ ಎಳೆದು ನಿರ್ವಾತ ಮಾಡುವುದು ಅದರ ವ್ಯಾಕ್ಯೂಮ್ ಪಂಪ್. ಎಣ್ಣೆ ಬೇಡುವ ಪಂಪಿಗೆ ಹಾಕುವುದು ಸಾಮಾನ್ಯವಾಗಿ ಖನಿಜ ತೈಲ, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ. ಅದು ಹಾಲಿಗೆ ಬಿದ್ದರೆ ಕೊಬ್ಬಿನಲ್ಲಿ ಕರಗುತ್ತದೆ. ಸೋಸಿದರೂ ಕಾಯಿಸಿದರೂ ಹೋಗುವುದಿಲ್ಲ. ಶೇ 3.5 ಕೊಬ್ಬಿನ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ ಸುಮಾರು 28 ಲೀಟರ್ ಬೇಕು. ಅಷ್ಟೂ ಹಾಲಿಗೆ ಸೇರಿದ ತೈಲ ಬೆಣ್ಣೆಯ ಜೊತೆಗೆ ತುಪ್ಪಕ್ಕೆ ಬರುತ್ತದೆ.

ಮೊದಲು ನೋಡಬೇಕಾದ್ದು ಪಂಪಿಗೆ ಗಾಳಿ ಬರುವ ಪೈಪಿನ ನಾನ್-ರಿಟರ್ನ್ ವಾಲ್ವ್, ಅಂದರೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ. ಯಂತ್ರ ಓಡುವಾಗ ಗಾಳಿ ಹಾಲಿನ ಬಕೆಟಿನಿಂದ ಪಂಪಿನತ್ತ ಹೋಗುವುದರಿಂದ ಎಣ್ಣೆ ಹಿಂದೆ ಬರುವುದಿಲ್ಲ. ಕರೆಂಟ್ ಹೋದಾಗ ಪೈಪಿನಲ್ಲಿ ನಿರ್ವಾತ ಉಳಿದಿರುತ್ತದೆ; ವಾಲ್ವ್ ತಡೆಯದಿದ್ದರೆ ಪಂಪ್ ಉಲ್ಟಾ ತಿರುಗುತ್ತದೆ, ಎಣ್ಣೆಯನ್ನು ಪೈಪಿಗೆ ಎಳೆಯುತ್ತದೆ. ಗುಡುಗು ಮಳೆಯ ಸಂಜೆ, ಕರೆಯುವ ಹೊತ್ತಿಗೇ ಕರೆಂಟ್ ಹೋಗುವ ಕರಾವಳಿಯಲ್ಲಿ ಈ ವಾಲ್ವನ್ನು ಕಡೆಗಣಿಸಲೇಬಾರದು. ಪರೀಕ್ಷೆ ಸುಲಭ: ಮೊಲೆಗೆ ಹಾಕುವ ಕಪ್‌ಗಳ ಬಾಯಿ ಮುಚ್ಚಿ ನಿರ್ವಾತ ಏರಿಸಿ, ಸ್ವಿಚ್ ಆಫ್ ಮಾಡಿ. ಪಂಪ್ ಹಿಮ್ಮುಖ ತಿರುಗಿದರೆ ವಾಲ್ವ್ ಸಿಕ್ಕಿಕೊಂಡಿದೆ ಎಂದರ್ಥ. ಬಿಚ್ಚಿ ತೊಳೆಯಿರಿ, ಸವೆದಿದ್ದರೆ ಬದಲಿಸಿ.

ಕರೆಯುತ್ತಿರುವಾಗಲೇ ಕರೆಂಟ್ ಹೋದರೆ ವ್ಯಾಕ್ಯೂಮ್ ಟ್ಯಾಪ್ ತೆರೆದು ಗಾಳಿ ಬಿಡಿ, ಕೆಚ್ಚಲಿನಿಂದ ಕಪ್‌ಗಳನ್ನು ತೆಗೆಯಿರಿ. ಮತ್ತೆ ಶುರು ಮಾಡುವ ಮುನ್ನ ಬಕೆಟಿಗೆ ಬರುವ ಪೈಪಿನ ಒಳಗೆ ಬಿಳಿ ಟಿಶ್ಯೂ ಆಡಿಸಿ, ಒಣಗಲು ಬಿಡಿ. ನೀರಿನ ಕಲೆ ಆರಿ ಹೋಗುತ್ತದೆ, ಎಣ್ಣೆಯ ಕಲೆ ಜಿಡ್ಡಾಗಿ ಉಳಿಯುತ್ತದೆ. ಉಳಿದರೆ ಆ ಬಕೆಟಿನ ಹಾಲನ್ನು ಕ್ಯಾನಿಗೆ ಸುರಿಯಬೇಡಿ. ಪೈಪ್ ಕಳಚಿ ಡಿಟರ್ಜೆಂಟ್ ಹಾಕಿದ ಬಿಸಿನೀರಿನಲ್ಲಿ ತೊಳೆಯಿರಿ. ಎಣ್ಣೆ ಕುಡಿದು ಉಬ್ಬಿದ ರಬ್ಬರನ್ನು ಎಸೆಯುವುದೇ ಲೇಸು.

ಪಂಪಿನ ಎಣ್ಣೆ ಗುರುತಿನ ಗೆರೆ ದಾಟಬಾರದು. ಹೆಚ್ಚಾದದ್ದು ಹೊಗೆಯಂತೆ ಎಕ್ಸಾಸ್ಟಿನಲ್ಲಿ ಹೊರಬಂದು ತೆರೆದ ಕ್ಯಾನ್, ಹಿಂಡಿ, ಹುಲ್ಲಿನ ಮೇಲೆ ಕೂರುತ್ತದೆ. ಎಕ್ಸಾಸ್ಟ್ ಪೈಪ್ ಹಟ್ಟಿಯ ಹೊರಗೇ ಇರಲಿ.

ಬಕೆಟ್ ಮುಚ್ಚಳದ ಗ್ಯಾಸ್ಕೆಟ್‌ಗೆ (ರಬ್ಬರ್ ಬಳೆಗೆ) ಬೈಕಿನ ಗ್ರೀಸ್ ಬೇಡವೇ ಬೇಡ. ಆಹಾರಕ್ಕೆ ಅಕಸ್ಮಾತ್ ತಾಗಬಹುದಾದ ಕಡೆ ಬಳಸುವ ಹೆಚ್1 ದರ್ಜೆಯ ಗ್ರೀಸ್ ತೆಳುವಾಗಿ ಸಾಕು. ಅದರಲ್ಲೂ ಖನಿಜ ತೈಲ ಇರಬಹುದು, ಹಾಗಾಗಿ ಮೆತ್ತಬೇಡಿ. ಮೊಲೆಗೆ ವ್ಯಾಸಲೀನ್ ಹಚ್ಚುವುದಿದ್ದರೆ ಕರೆದ ನಂತರ ಹಚ್ಚಿ, ಮುಂದಿನ ಸಲ ಕರೆಯುವ ಮೊದಲು ಒರೆಸಿ. ಕ್ಯಾನಿನ ಬಾಯಿಗೆ ಗೋಣಿ ಹೊದಿಸಬೇಡಿ: ಸೆಣಬಿನ ನಾರು ಮೆತ್ತಗಾಗಲೆಂದು ಗಿರಣಿಯಲ್ಲಿ ಖನಿಜ ತೈಲ ಸಿಂಪಡಿಸಿರುತ್ತಾರೆ. ಒಗೆದ ಹತ್ತಿ ಬಟ್ಟೆ ಸಾಕು.

ತುಪ್ಪದ ಬಗ್ಗೆ ಅನುಮಾನವಿದ್ದರೆ ಲ್ಯಾಬಿನಲ್ಲಿ ಖನಿಜ ತೈಲ ಪತ್ತೆಯ ಹೋಲ್ಡೆ ಪರೀಕ್ಷೆ ಮಾಡಿಸಿ. 1 ಮಿ.ಲೀ. ತುಪ್ಪವನ್ನು 25 ಮಿ.ಲೀ. ಆಲ್ಕೊಹಾಲಿಕ್ ಪೊಟ್ಯಾಶ್ (ಆಲ್ಕೊಹಾಲಿನಲ್ಲಿ ಕರಗಿಸಿದ ಕ್ಷಾರ) ಜೊತೆ ಕುದಿಸಿ, 25 ಮಿ.ಲೀ. ಕುದಿಯುವ ನೀರು ಬೆರೆಸುತ್ತಾರೆ. ಮಸುಕಾದರೆ ಖನಿಜ ತೈಲ ಇದೆ. ತಿಳಿಯಾಗಿದ್ದರೆ ದೊಡ್ಡ ಬೆರಕೆ ಇಲ್ಲವೆಂದಷ್ಟೇ ಅರ್ಥ. ಕಿಲೋಗೆ ಕೆಲವು ಮಿಲಿಗ್ರಾಂ ಪತ್ತೆಯಾಗಲು ಅಂಶಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮಟೊಗ್ರಫಿಯೇ ಬೇಕು.